ಹಳೆಯ ಕಂಪ್ಯೂಟರೂ ಎಚ್ಚರಗೊಳ್ಳದ ಕ್ಯಾಪ್ಚರ್ ಕಾರ್ಡೂ

ನಮ್ಮ ನಾಡಿನ ಅನೇಕ ಗೃಹಸ್ಥರ ಮನೆಗಳಲ್ಲಿ ಅಟ್ಟದ ಮೇಲೋ ಕಪಾಟಿನ ತಳದಲ್ಲಿಯೋ ಕೆಲವು ಕರಿಯ ವಿಡಿಯೋ ಕ್ಯಾಸೆಟ್ಟುಗಳು ಬಟ್ಟೆಯ ಗಂಟಿನಲ್ಲಿ ಸುತ್ತಲ್ಪಟ್ಟು ಬಿದ್ದಿರುವುದನ್ನು ವಾಚಕರು ಬಲ್ಲರು. ೧೯೮೨ರಲ್ಲಿ ದೆಹಲಿಯ ಏಷ್ಯಾ ಕ್ರೀಡೆಗಳ ನಿಮಿತ್ತವಾಗಿ ನಮ್ಮ ದೇಶಕ್ಕೆ ಬಣ್ಣದ ದೂರದರ್ಶನವು ಬಂದ ತರುವಾಯ, ಮದುವೆ, ಉಪನಯನ, ಷಷ್ಟ್ಯಬ್ದಪೂರ್ತಿ ಮೊದಲಾದ ಶುಭಕಾರ್ಯಗಳನ್ನು ವಿಡಿಯೋದಲ್ಲಿ ಹಿಡಿಸಿಡುವ ವಾಡಿಕೆಯು ಕ್ರಮಕ್ರಮವಾಗಿ ಊರೂರಿಗೂ ಹರಡಿತು. ಆ ಕಾರ್ಯಗಳಲ್ಲಿ ಸಡಗರದಿಂದ ಓಡಾಡಿದ ಹಿರಿಯರಲ್ಲಿ ಅನೇಕರು ಈಗಿಲ್ಲ. ಅವರ ನಡೆ, ನುಡಿ, ನಗೆ ಇವು ಅರ್ಧ ಅಂಗುಲ ಅಗಲದ ಆ ಟೇಪಿನಲ್ಲಿ ಮಾತ್ರ ಉಳಿದುಕೊಂಡಿವೆ.

ಆದರೆ ಟೇಪು ಚಿರಂಜೀವಿಯಲ್ಲ. ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿಯ ಮೇಲೆ ಅಯಸ್ಕಾಂತ ಗುಣವುಳ್ಳ ಪುಡಿಯನ್ನು ಅಂಟಿನಿಂದ ಲೇಪಿಸಿ ಅದನ್ನು ಮಾಡಿರುತ್ತಾರೆ. ಅಂಟು ತೇವವನ್ನು ಹೀರಿಕೊಂಡು ಸಡಿಲಾಗುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಹಿಡಿಯುವುದೂ ಉಂಟು. ಇದಲ್ಲದೆ ಅದನ್ನು ಓಡಿಸುವ ಯಂತ್ರಗಳೇ ಈಗ ದುರ್ಲಭವಾಗುತ್ತಿವೆ. ಅವನ್ನು ತಯಾರಿಸುತ್ತಿದ್ದವರಲ್ಲಿ ಕೊನೆಯದೆಂದು ತಿಳಿದುಬಂದಿರುವ ಜಪಾನಿನ ಫುನಾಯ್ ಸಂಸ್ಥೆಯು ೨೦೧೬ರ ಜುಲೈ ತಿಂಗಳಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದುದರಿಂದ ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂಬುವರು ಇನ್ನು ಹೆಚ್ಚು ತಡಮಾಡುವುದು ಯುಕ್ತವಲ್ಲ.

ಹೀಗೆ ಇಳಿಸಿಕೊಳ್ಳುವುದಕ್ಕೆ ಬೇಕಾದ ಸಾಧನವೇ ವಿಡಿಯೋ ಕ್ಯಾಪ್ಚರ್ ಕಾರ್ಡು. ಹಳೆಯ ಕಂಪ್ಯೂಟರಿನಲ್ಲಿ ಕೂಡಿಸಿದ ಈ ಕಾರ್ಡು ಒಮ್ಮೊಮ್ಮೆ ಎಷ್ಟು ಪ್ರಯತ್ನಿಸಿದರೂ ಎಚ್ಚರಗೊಳ್ಳದೆ ಮೌನವಾಗಿ ಕುಳಿತುಬಿಡುತ್ತದೆ. ಅಂಥ ಸಂದರ್ಭವು ನಮಗೂ ಒದಗಿತು. ಮೂರು ವಾರಗಳ ಕಾಲ ನಾವು ಪಟ್ಟ ಪಾಡಿನಿಂದ ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾರ್ಡಿನ ಕಾರ್ಯ

ಮೊದಲು ಈ ಕಾರ್ಡು ಮಾಡುವ ಕೆಲಸವೇನೆಂಬುದನ್ನು ತಿಳಿಯೋಣ. ಕ್ಯಾಸೆಟ್ಟಿನಿಂದ ಹೊರಡುವುದು ಅಲೆಯಂತೆ ಏರಿಳಿಯುವ ವಿದ್ಯುತ್ ಸಂಕೇತ. ಕಂಪ್ಯೂಟರಿಗೆ ಅಲೆಯು ತಿಳಿಯದು, ಅಂಕೆಯು ಮಾತ್ರ ತಿಳಿಯುತ್ತದೆ. ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕೆಗಳನ್ನಾಗಿ ಮಾಡಿ ಕಂಪ್ಯೂಟರಿನ ನೆನಪಿಗೆ ತುಂಬುವುದೇ ಕಾರ್ಡಿನ ಕೆಲಸ. ನಮ್ಮ ದೇಶದಲ್ಲಿ ಬಳಕೆಗೆ ಬಂದ ಪಾಲ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳು, ಒಂದೊಂದು ಚಿತ್ರಕ್ಕೆ ೬೨೫ ಗೆರೆಗಳು. ಇವುಗಳಲ್ಲಿ ಕಣ್ಣಿಗೆ ಕಾಣುವ ೫೭೬ ಗೆರೆಗಳನ್ನು, ಗೆರೆಯೊಂದಕ್ಕೆ ೭೨೦ ಚುಕ್ಕೆಗಳಂತೆ, ಚುಕ್ಕೆಯೊಂದಕ್ಕೆ ೨ ಬೈಟುಗಳಂತೆ ಬರೆದುಕೊಂಡರೆ, ಸೆಕೆಂಡಿಗೆ ೨,೦೭,೩೬,೦೦೦ ಬೈಟುಗಳಾಗುತ್ತವೆ. ಒಂದು ಗಂಟೆಯ ಮದುವೆಗೆ ಹತ್ತಿರ ಹತ್ತಿರ ೭೫ ಗಿಗಾಬೈಟು! ಇಷ್ಟು ದೊಡ್ಡ ಪ್ರವಾಹವನ್ನು ಒಂದು ಹನಿಯೂ ಚೆಲ್ಲದಂತೆ ಸಾಗಿಸಬೇಕಾದ ಕಾರ್ಡಿಗೆ ಕಂಪ್ಯೂಟರಿನ ಉಳಿದ ಅಂಗಗಳೊಡನೆ ಒಳ್ಳೆಯ ಹೊಂದಾಣಿಕೆಯಿರಬೇಕೆಂಬುದು ಸಹಜವೇ ಆಗಿದೆ.

೧೯೯೦ರ ದಶಕದ ಕೊನೆಯಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ಮಾರಾಟವಾದ ಅಗ್ಗದ ಕಾರ್ಡುಗಳ ಪೈಕಿ ಬಹುಸಂಖ್ಯೆಯವುಗಳಲ್ಲಿ ಬಿಟಿ ೮೭೮ ಎಂಬ ಚಿಪ್ಪು ಇರುತ್ತಿತ್ತು. ಇದು ಬ್ರೂಕ್‌ಟ್ರೀ ಎಂಬ ಅಮೆರಿಕದ ಸಂಸ್ಥೆಯಲ್ಲಿ ಮೊದಲ್ಗೊಂಡ ಮಾದರಿಯದು. ಇಂಥ ಕಾರ್ಡು ಪಿಸಿಐ ಎಂಬ ಬಿಳಿಯ ಗೂಡಿನಲ್ಲಿ ಮಾತ್ರ ಕೂಡುತ್ತದೆ. ಆ ಗೂಡಿನ ದಾರಿಯು ಸೆಕೆಂಡಿಗೆ ೧೩೩ ಮೆಗಾಬೈಟುಗಳವರೆಗೆ ಸಾಗಿಸಬಲ್ಲದು. ಇತ್ತೀಚಿನ ಕಂಪ್ಯೂಟರುಗಳಲ್ಲಿ ಆ ಗೂಡು ಬಹುಮಟ್ಟಿಗೆ ಮಾಯವಾಗಿದೆ. ಕಾರ್ಡಿಗೆ ಅದರ ತಯಾರಕರು ಒದಗಿಸಿದ ಡ್ರೈವರುಗಳು ಸಹ ಸಾಧಾರಣವಾಗಿ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೇ ನಿಂತುಹೋದವು. ಹಳೆಯ ಕಾರ್ಡಿಗೆ ಹಳೆಯ ಕಂಪ್ಯೂಟರೇ ಗತಿಯೆಂಬುದಕ್ಕೆ ಇದೇ ಕಾರಣ.

ಅತಿಥಿಯ ಮೂರು ಮರ್ಯಾದೆಗಳು

ಕಾರ್ಡು ಎಚ್ಚರಗೊಳ್ಳುವುದೆಂದರೇನು? ಇದನ್ನು ನಮ್ಮ ಮನೆಗಳ ಔತಣದಿಂದಲೇ ತಿಳಿಯಬಹುದು. ದೂರದ ಊರಿನಿಂದ ಬಂದ ಅತಿಥಿಗೆ ಮೂರು ಮರ್ಯಾದೆಗಳು ಸಲ್ಲಬೇಕು. ಬಾಗಿಲಲ್ಲಿ ನಿಂತವರು ಅವನನ್ನು ನೋಡಿ, ಒಬ್ಬ ಅತಿಥಿ ಬಂದಿದ್ದಾನೆಂದು ಗುರುತಿಸಬೇಕು. ಪಂಕ್ತಿಯಲ್ಲಿ ಅವನಿಗೊಂದು ಮಣೆಯನ್ನು ಗೊತ್ತುಮಾಡಬೇಕು. ಅವನ ಭಾಷೆಯನ್ನು ಬಲ್ಲವರೊಬ್ಬರು ಬಳಿಯಲ್ಲಿದ್ದು ಉಪಚರಿಸಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಅತಿಥಿಯು ಉಣ್ಣದೆ ಕೂರುತ್ತಾನೆ.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ವಿದ್ಯುತ್ತು ಹರಿದೊಡನೆ ಬಯಾಸ್ ಎಂಬ ಮೂಲಕ್ರಮವು ಒಂದೊಂದು ಗೂಡನ್ನೂ ವಿಚಾರಿಸುತ್ತದೆ. ಕಾರ್ಡು ತನ್ನ ಗುರುತಿನ ಸಂಖ್ಯೆಯನ್ನು ಹೇಳುತ್ತದೆ. ಇದು ಮೊದಲನೆಯದು. ಬಳಿಕ ಅದಕ್ಕೆ ನೆನಪಿನ ವಿಳಾಸವೊಂದೂ, ಐಆರ್‌ಕ್ಯೂ ಎಂಬ ಕರೆಗಂಟೆಯ ತಂತಿಯೊಂದೂ ಹಂಚಲ್ಪಡುತ್ತವೆ. ಇದು ಎರಡನೆಯದು. ಕೊನೆಯಲ್ಲಿ ಡ್ರೈವರೆಂಬ ದುಭಾಷಿಯು ಬಂದು ಅದನ್ನು ಮಾತನಾಡಿಸುತ್ತದೆ. ಇದು ಮೂರನೆಯದು. ರೋಗವು ಈ ಮೂರರಲ್ಲಿ ಎಲ್ಲಿದೆಯೆಂಬುದನ್ನು ನಿಶ್ಚಯಿಸದೆ ಔಷಧವನ್ನು ಕೊಡುವವನು ಕತ್ತಲೆಯಲ್ಲಿ ಬಾಣ ಬಿಟ್ಟಂತೆಯೇ ಸರಿ.

ನಾವು ಮಾಡಿದುದು ಅದನ್ನೇ. ನಮ್ಮ ಅಕ್ಕನ ಮದುವೆಯು ೧೯೯೧ರಲ್ಲಿ ನಡೆಯಿತು. ಅಂದು ನಮ್ಮ ಅಜ್ಜಿಯವರು ಹಸೆಗೆ ಕರೆಯುವ ಹಾಡೊಂದನ್ನು ಹಾಡಿದ್ದರು. ಅದು ಅವರ ತೌರಿನ ಕಡೆಯ ಹಾಡು. ಅಚ್ಚಿನಲ್ಲಿ ನಾವೆಲ್ಲಿಯೂ ಕಂಡಿಲ್ಲ. ಎಂಬತ್ತನ್ನು ದಾಟಿದ ನಮ್ಮ ತಾಯಿಯವರು ಅದನ್ನು ಮತ್ತೊಮ್ಮೆ ಕೇಳಬೇಕೆಂದು ಬಹಳವಾಗಿ ಅಪೇಕ್ಷಿಸಿದರು. ಆ ಕ್ಯಾಸೆಟ್ಟಿಗಾಗಿಯೇ ನಾವು ಹಿಂದೆ ಕೊಂಡಿದ್ದ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಕೊಡವಿ, ಕಾರ್ಡನ್ನು ಹೊರತೆಗೆದು ಒರೆಸಿ ಮತ್ತೆ ಕೂಡಿಸಿದೆವು. ಮುಂಚೆ ಅದೇ ಕಾರ್ಡು ಅದೇ ಯಂತ್ರದಲ್ಲಿ ಚೆನ್ನಾಗಿ ಕೆಲಸಮಾಡುತ್ತಿತ್ತು. ಈಗಲಾದರೋ, ಸಾಧನಗಳ ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕಕ್ಕೆ ಹಳದಿಯ ಆಶ್ಚರ್ಯಸೂಚಕ ಚಿಹ್ನೆಯು ಕಾಣಿಸಿಕೊಂಡಿತು. ಈ ಸಾಧನವನ್ನು ಆರಂಭಿಸಲಾಗದೆಂಬ ೧೦ನೆಯ ಸಂಕೇತದ ವಾಕ್ಯವೂ ಬಂತು. ಕೂಡಲೆ ನಾವು ಡ್ರೈವರನ್ನು ತೆಗೆದು ಮತ್ತೆ ಹಾಕಿದೆವು. ಮೂರು ಸಲ ಹಾಕಿದೆವು. ಫಲವೇನೂ ಆಗಲಿಲ್ಲ.

ಮೊದಲನೆಯ ಮರ್ಯಾದೆ: ಗುರುತು

ಪಟ್ಟಿಯಲ್ಲಿ ಕಾರ್ಡಿನ ಸುಳಿವೇ ಇಲ್ಲದಿದ್ದರೆ ದೋಷವು ಪ್ರಾಯಶಃ ಲೋಹದಲ್ಲಿದೆ, ಡ್ರೈವರಿನಲ್ಲಿಲ್ಲ. ಆಗ ಕಂಪ್ಯೂಟರನ್ನು ನಿಲ್ಲಿಸಿ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತುಬಿಡತಕ್ಕದ್ದು. ಕೇವಲ ಗುಂಡಿಯನ್ನು ಒತ್ತಿ ನಿಲ್ಲಿಸಿದರೆ ಸಾಲದು, ಏಕೆಂದರೆ ತಂತಿಯಿರುವವರೆಗೆ ಒಳಗಿನ ಹಲಗೆಯಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಕಾರ್ಡಿಗೆ ಕೈ ಹಚ್ಚಬೇಕು. ಒಣಹವೆಯ ದಿನಗಳಲ್ಲಿ ಈ ಎಚ್ಚರಿಕೆಯು ಇನ್ನೂ ಅವಶ್ಯಕ.

ಕಾರ್ಡಿನ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ವರ್ಷಗಟ್ಟಲೆ ಇದ್ದುದರಿಂದ ಅವುಗಳ ಮೇಲೆ ಜಿಡ್ಡು ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಅವನ್ನು ಮೆಲ್ಲಗೆ ಒರೆಸಿ ಒಣಗಿಸಬೇಕು. ಮರಳುಕಾಗದವನ್ನು ಎಂದಿಗೂ ಮುಟ್ಟಿಸಲಾಗದು, ಏಕೆಂದರೆ ಲೇಪವು ಬಹಳ ತೆಳುವಾದುದು. ಬಳಿಕ ಕಾರ್ಡನ್ನು ಗೂಡಿನೊಳಕ್ಕೆ ನೇರವಾಗಿ, ಉದ್ದಕ್ಕೂ ಸಮನಾಗಿ ಒತ್ತಬೇಕು. ಹಿಂಬದಿಯ ತಿರುಪನ್ನು ಬಿಗಿಮಾಡುವಾಗ ಮುಂದಿನ ತುದಿಯು ಒಂದು ಕೂದಲೆಳೆಯಷ್ಟು ಮೇಲೇಳುವುದುಂಟು. ಅಷ್ಟರಿಂದಲೇ ಕಾರ್ಡು ಕುರುಡಾಗುತ್ತದೆ.

ಮುಖ್ಯ ಹಲಗೆಯನ್ನೂ ಒಮ್ಮೆ ದೀಪ ಹಿಡಿದು ನೋಡುವುದು ಲೇಸು. ಸುಮಾರು ೧೯೯೯ರಿಂದ ೨೦೦೭ರವರೆಗೆ ತಯಾರಾದ ಅನೇಕ ಹಲಗೆಗಳಲ್ಲಿ ಕೆಟ್ಟ ದ್ರವವುಳ್ಳ ಕೆಪ್ಯಾಸಿಟರುಗಳು ಸೇರಿಕೊಂಡವು. ಈ ಸಣ್ಣ ಡಬ್ಬಿಗಳ ತಲೆಯು ಉಬ್ಬಿದ್ದರೆ, ಅಥವಾ ಕಂದುಬಣ್ಣದ ಅಂಟು ಒಸರಿದ್ದರೆ, ಆ ಯಂತ್ರದಲ್ಲಿ ಕಾರ್ಡಿನ ತಪ್ಪನ್ನು ಹುಡುಕುವುದು ವ್ಯರ್ಥ. ಬೆಸುಗೆಯನ್ನು ಬಲ್ಲವರಿಂದ ಅವನ್ನು ಬದಲಾಯಿಸಿಕೊಳ್ಳಬೇಕು.

ನಮ್ಮ ಕಾರ್ಡಿನ ಹೆಸರು ಪಟ್ಟಿಯಲ್ಲಿ ಬಂದಿತ್ತು. ಆದುದರಿಂದ ಬಾಗಿಲಲ್ಲಿ ಅದಕ್ಕೆ ಗುರುತು ಸಿಕ್ಕಿತ್ತೆಂಬುದು ಸ್ಪಷ್ಟ. ಹೀಗಿರಲು ನಾವು ಎರಡನೆಯ ಮೆಟ್ಟಿಲಿಗೆ ಹೋಗಬೇಕಾಗಿತ್ತು. ಹೋಗದೆ, ಮೂರನೆಯದಕ್ಕೆ ಹಾರಿ ಒಂದು ವಾರವನ್ನು ಕಳೆದೆವು.

ಎರಡನೆಯ ಮರ್ಯಾದೆ: ಮಣೆ

ಹಳೆಯ ಕಂಪ್ಯೂಟರುಗಳಲ್ಲಿ ಕರೆಗಂಟೆಯ ತಂತಿಗಳು ೦ಯಿಂದ ೧೫ರವರೆಗೆ ಹದಿನಾರೇ ಇರುತ್ತವೆ. ಇವುಗಳಲ್ಲಿ ಬಹುಭಾಗವು ಮೊದಲೇ ಹಂಚಿಹೋಗಿದೆ: ೦ ಕಾಲಮಾಪಕಕ್ಕೆ, ೧ ಕೀಲಿಮಣೆಗೆ, ೩ ಮತ್ತು ೪ ಸೀರಿಯಲ್ ದ್ವಾರಗಳಿಗೆ, ೬ ಫ್ಲಾಪಿಗೆ, ೭ ಮುದ್ರಣಯಂತ್ರದ ದ್ವಾರಕ್ಕೆ, ೮ ಗಡಿಯಾರಕ್ಕೆ, ೧೨ ಮೌಸಿಗೆ, ೧೩ ಗಣಿತಭಾಗಕ್ಕೆ, ೧೪ ಮತ್ತು ೧೫ ಡಿಸ್ಕುಗಳಿಗೆ, ೨ನೆಯದು ಎರಡು ಗುಂಪುಗಳನ್ನು ಜೋಡಿಸುವುದರಲ್ಲಿಯೇ ವೆಚ್ಚವಾಗುತ್ತದೆ. ಉಳಿಯುವುದು ಸಾಮಾನ್ಯವಾಗಿ ೫, ೯, ೧೦, ೧೧ ಎಂಬ ನಾಲ್ಕು ಮಣೆಗಳು. ಧ್ವನಿಯ ಕಾರ್ಡು, ಜಾಲದ ಕಾರ್ಡು, ಯುಎಸ್‌ಬಿ, ಚಿತ್ರದ ಕಾರ್ಡು ಇವೆಲ್ಲವೂ ಆ ನಾಲ್ಕನ್ನೇ ಹಂಚಿಕೊಳ್ಳಬೇಕು. ಒಂದೇ ಮಣೆಯಲ್ಲಿ ಇಬ್ಬರು ಕೂರುವುದಕ್ಕೆ ಪಿಸಿಐ ನಿಯಮದಲ್ಲಿ ಅವಕಾಶವುಂಟು. ಆದರೆ ಇಬ್ಬರ ಡ್ರೈವರುಗಳೂ ಸಭ್ಯತೆಯಿಂದ ನಡೆದುಕೊಂಡಾಗ ಮಾತ್ರ ಅದು ಸುಸೂತ್ರವಾಗಿ ಸಾಗುತ್ತದೆ. ಹಳೆಯ ಕ್ಯಾಪ್ಚರ್ ಕಾರ್ಡುಗಳ ಡ್ರೈವರುಗಳಲ್ಲಿ ಆ ಸಭ್ಯತೆಯು ಎಲ್ಲ ಕಾಲಕ್ಕೂ ಇರಲಿಲ್ಲ.

ಇಲ್ಲಿ ಗಮನಿಸತಕ್ಕ ಮುಖ್ಯ ವಿಷಯವೊಂದುಂಟು. ಯಾವ ಗೂಡಿಗೆ ಯಾವ ತಂತಿಯೆಂಬುದು ಹಲಗೆಯ ರಚನೆಯಲ್ಲಿಯೇ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ಎಜಿಪಿ ಎಂಬ ಚಿತ್ರದ ಗೂಡಿಗೆ ಅತಿ ಸಮೀಪವಾಗಿರುವ ಪಿಸಿಐ ಗೂಡು ಅನೇಕ ಹಲಗೆಗಳಲ್ಲಿ ಅದರೊಡನೆ ಒಂದೇ ತಂತಿಯನ್ನು ಹಂಚಿಕೊಂಡಿರುತ್ತದೆ. ಆದುದರಿಂದ ಕ್ಯಾಪ್ಚರ್ ಕಾರ್ಡನ್ನು ಅಲ್ಲಿ ಇಡದೆ ಮೂರನೆಯ ಅಥವಾ ನಾಲ್ಕನೆಯ ಗೂಡಿಗೆ ಒಯ್ಯುವುದು ಒಳ್ಳೆಯದು. ಏನನ್ನೂ ಕೊಳ್ಳದೆ, ಏನನ್ನೂ ಅಳಿಸದೆ ಮಾಡಬಹುದಾದ ಚಿಕಿತ್ಸೆಯಿದು. ಆದಕಾರಣ ಇದನ್ನೇ ಮೊದಲು ಮಾಡತಕ್ಕದ್ದು.

ನಮ್ಮ ಯಂತ್ರವು ಒಂದು ಸುಳಿವನ್ನು ದಿನದಿನವೂ ಕೊಡುತ್ತಲೇ ಇತ್ತು. ನಾವು ಕಂಡೂ ಕಾಣದವರಾಗಿದ್ದೆವು. ಪ್ರತಿಸಲ ಹೊತ್ತಿಸಿದಾಗಲೂ ಅದರ ಗಡಿಯಾರವು ಇಪ್ಪತ್ತು ವರ್ಷಕ್ಕೂ ಹಿಂದಿನ ಜನವರಿ ಒಂದನೆಯ ತಾರೀಖನ್ನು ತೋರಿಸುತ್ತಿತ್ತು. ಮುಖ್ಯ ಹಲಗೆಯ ಮೇಲೆ ಸಿಆರ್ ೨೦೩೨ ಎಂಬ, ಬಿಲ್ಲೆಯಾಕಾರದ ೩ ವೋಲ್ಟಿನ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ ಗಡಿಯಾರವು ಮಾತ್ರವಲ್ಲ, ನಾವು ಹಿಂದೆ ಬಯಾಸಿನಲ್ಲಿ ಮಾಡಿಟ್ಟ ಏರ್ಪಾಡುಗಳೂ ಅಳಿಸಿಹೋಗಿ ಕಾರ್ಖಾನೆಯ ಮೂಲಸ್ಥಿತಿಗೆ ಮರಳುತ್ತವೆ. ಬಳಸದ ಸೀರಿಯಲ್ ದ್ವಾರಗಳನ್ನೂ ಮುದ್ರಣದ್ವಾರವನ್ನೂ ನಾವು ಹಿಂದೆ ಮುಚ್ಚಿಟ್ಟಿದ್ದೆವು. ಅವು ಮತ್ತೆ ತೆರೆದುಕೊಂಡು ಮಣೆಗಳನ್ನು ಆಕ್ರಮಿಸಿದ್ದವು. ಇದರ ಜೊತೆಗೆ ಧೂಳು ಒರೆಸುವಾಗ ಕಾರ್ಡನ್ನು ಮೊದಲಿನ ಗೂಡಿನಲ್ಲಿಡದೆ, ಕೈಗೆ ಹತ್ತಿರವೆಂದು ಎಜಿಪಿಯ ಪಕ್ಕದ ಗೂಡಿನಲ್ಲಿ ಕೂಡಿಸಿದವರು ನಾವೇ. ತಪ್ಪು ಯಂತ್ರದ್ದಲ್ಲ, ನಮ್ಮ ಕೈಯದು.

ಚಿಕಿತ್ಸೆಯನ್ನು ಕ್ರಮವಾಗಿ ಹೇಳುತ್ತೇವೆ. ಹೊಸ ಬ್ಯಾಟರಿಯನ್ನು ಹಾಕಿ ದಿನಾಂಕವನ್ನು ಸರಿಪಡಿಸಬೇಕು. ಬಯಾಸಿನೊಳಕ್ಕೆ ಹೋಗಿ ಬಳಸದ ದ್ವಾರಗಳನ್ನು ಮುಚ್ಚಬೇಕು. ಪ್ಲಗ್ ಅಂಡ್ ಪ್ಲೇ ಓಎಸ್ ಎಂಬ ಆಯ್ಕೆಯು ಇದ್ದಲ್ಲಿ, ಅದನ್ನು ‘ಇಲ್ಲ’ ಎಂದು ಮಾಡಿ ನೋಡಬೇಕು. ‘ಹೌದು’ ಎಂದಿದ್ದರೆ ಬಯಾಸು ಯಂತ್ರವನ್ನು ಹೊತ್ತಿಸಲು ಬೇಕಾದ ಸಾಧನಗಳಿಗೆ ಮಾತ್ರ ಮಣೆ ಹಾಕಿ, ಉಳಿದವರನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಬಿಟ್ಟುಬಿಡುತ್ತದೆ. ಹಂಚಿಕೆಯ ಹಳೆಯ ಪಟ್ಟಿಯನ್ನು ಅಳಿಸಿ ಹೊಸದಾಗಿ ಬರೆಯುವಂತೆ ಮಾಡುವ ಆಯ್ಕೆಯೂ ಅಲ್ಲಿಯೇ ಇರುತ್ತದೆ. ಅದನ್ನು ಒಂದು ಸಲ ನಡೆಸಬೇಕು. ಬಳಿಕ ಕಾರ್ಡನ್ನು ದೂರದ ಗೂಡಿಗೆ ಒಯ್ಯಬೇಕು. ನಾವು ಇಷ್ಟನ್ನು ಮಾಡಿ ಯಂತ್ರವನ್ನು ಹೊತ್ತಿಸಿದಾಗ ಹಳದಿಯ ಚಿಹ್ನೆಯು ಮಾಯವಾಗಿತ್ತು.

ಮೂರನೆಯ ಮರ್ಯಾದೆ: ದುಭಾಷಿ

ಡ್ರೈವರಿನ ದೋಷವೇ ಇಲ್ಲವೆಂದು ಇದರಿಂದ ತಿಳಿಯಬಾರದು. ವಿಂಡೋಸಿನ ಪಟ್ಟಿಯಲ್ಲಿ ಬರುವ ಸಂಕೇತಗಳನ್ನು ಓದಿದರೆ ದಾರಿಯು ತಿಳಿಯುತ್ತದೆ. ೨೮ ಎಂದರೆ ಡ್ರೈವರೇ ಇಲ್ಲ. ೧೨ ಎಂದರೆ ಮಣೆಯು ಸಾಲದು. ೧೦ ಎಂದರೆ ಡ್ರೈವರು ಬಂದಿದ್ದರೂ ಸಾಧನವು ಆರಂಭವಾಗಲಿಲ್ಲ. ಇದಕ್ಕೆ ಕಾರಣವು ಡ್ರೈವರಿನಲ್ಲಿಯೂ ಇರಬಹುದು, ಮಣೆಯಲ್ಲಿಯೂ ಇರಬಹುದು, ಕಾರ್ಡಿನಲ್ಲಿಯೂ ಇರಬಹುದು.

ಬಿಟಿ ೮೭೮ ಕಾರ್ಡು ಒಂದೇ ಆಗಿದ್ದರೂ ಯಂತ್ರದ ಕಣ್ಣಿಗೆ ಎರಡು ಸಾಧನಗಳಾಗಿ ಕಾಣುತ್ತದೆ: ಒಂದು ಚಿತ್ರಕ್ಕೆ, ಮತ್ತೊಂದು ಧ್ವನಿಗೆ. ಒಂದಕ್ಕೆ ಮಾತ್ರ ಡ್ರೈವರು ಸಿಕ್ಕಿ ಇನ್ನೊಂದು ಅನಾಥವಾಗಿ ಉಳಿಯುವುದು ಸಾಮಾನ್ಯವಾದ ತೊಡಕು. ವಿಂಡೋಸ್ ೯೮ಕ್ಕಾಗಿ ಬರೆದ ಹಳೆಯ ಬಗೆಯ ಡ್ರೈವರು ಎಕ್ಸ್‌ಪಿಯಲ್ಲಿ ನಡೆಯದು. ೩೨ ಬಿಟ್ಟಿನದು ೬೪ ಬಿಟ್ಟಿನ ವಿಂಡೋಸಿನಲ್ಲಿ ಖಂಡಿತವಾಗಿ ನಡೆಯದು. ವಿಸ್ಟಾದಿಂದ ಮೊದಲ್ಗೊಂಡು ೬೪ ಬಿಟ್ಟಿನ ವಿಂಡೋಸು ಸಹಿಯಿಲ್ಲದ ಡ್ರೈವರುಗಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಹಳೆಯ ಡ್ರೈವರಿನ ಅವಶೇಷಗಳನ್ನು ಪೂರ್ತಿಯಾಗಿ ತೆಗೆದು, ಯಂತ್ರವನ್ನು ಮತ್ತೆ ಹೊತ್ತಿಸಿದ ಮೇಲೆಯೇ ಹೊಸದನ್ನು ಹಾಕಬೇಕು.

ವಿಂಡೋಸಿನಲ್ಲಿ ಸೋತವರಿಗೆ ಲಿನಕ್ಸೆಂಬ ದಾರಿಯೊಂದುಂಟು. ಅದರಲ್ಲಿ ಈ ಬಗೆಯ ಚಿಪ್ಪುಗಳಿಗಾಗಿಯೇ ಬಿಟಿಟಿವಿ ಎಂಬ ಡ್ರೈವರು ಇದೆ. ಆದರೆ ಅನೇಕ ಅಗ್ಗದ ಕಾರ್ಡುಗಳಲ್ಲಿ ತಯಾರಕನ ಗುರುತನ್ನು ಬರೆದಿಟ್ಟ ಸಣ್ಣ ನೆನಪಿನ ಚಿಪ್ಪೇ ಇರುವುದಿಲ್ಲ. ಅತಿಥಿಯು ತನ್ನ ದೇಶವನ್ನು ಹೇಳಿ ಊರನ್ನು ಹೇಳದಿದ್ದಂತೆ ಇದು. ಆಗ ಡ್ರೈವರಿನ ಪಟ್ಟಿಯನ್ನು ನೋಡಿ ಕಾರ್ಡಿನ ಕ್ರಮಸಂಖ್ಯೆಯನ್ನು ನಾವೇ ತಿಳಿಸಬೇಕಾಗುತ್ತದೆ. ತಿಳಿಸದಿದ್ದರೆ ಕಾರ್ಡು ಎಚ್ಚರವಾದಂತೆ ಕಂಡರೂ ಚಿತ್ರ ಬರುವ ದ್ವಾರವು ತಪ್ಪಿಹೋಗಿ ಪರದೆಯು ಕಪ್ಪಾಗಿಯೇ ಇರುತ್ತದೆ.

ಎಚ್ಚರಗೊಂಡ ಮೇಲೆ

ಕಾರ್ಡು ಎಚ್ಚರವಾಗಿಯೂ ಚಿತ್ರವು ಬಾರದಿದ್ದರೆ ಅದು ಬೇರೆ ರೋಗ. ಅದನ್ನು ಹಿಂದಿನದರೊಡನೆ ಬೆರೆಸಬಾರದು. ಮೊದಲು, ಬೇರೊಂದು ಪ್ರೋಗ್ರಾಮು ಹಿಂದಿನಿಂದ ಕಾರ್ಡನ್ನು ಹಿಡಿದುಕೊಂಡಿದೆಯೇ ಎಂದು ನೋಡಬೇಕು. ಕಾರ್ಡಿನೊಡನೆ ಬಂದ ಟಿವಿ ಪ್ರೋಗ್ರಾಮುಗಳು ಯಂತ್ರವು ಹೊತ್ತಿದೊಡನೆ ತಾವಾಗಿಯೇ ಎದ್ದು ಕಾರ್ಡನ್ನು ವಶಪಡಿಸಿಕೊಳ್ಳುವುದುಂಟು. ಆಗ ಎರಡನೆಯ ಪ್ರೋಗ್ರಾಮಿಗೆ ಅದು ದಕ್ಕುವುದಿಲ್ಲ. ಆಮೇಲೆ, ಸಂಕೇತವು ಬರುವ ದ್ವಾರವು ಕಾಂಪೋಸಿಟ್ ಎಂಬ ಹಳದಿಯ ತೂತೋ, ಎಸ್-ವಿಡಿಯೋ ಎಂಬ ದುಂಡನೆಯ ತೂತೋ, ಆಂಟೆನಾದ ಟ್ಯೂನರೋ ಎಂಬುದನ್ನು ಸರಿಯಾಗಿ ಆರಿಸಬೇಕು. ಕೊನೆಯಲ್ಲಿ ಪದ್ಧತಿ. ಕೆಲವು ಪ್ರೋಗ್ರಾಮುಗಳು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿಯೇ ಎದ್ದುಕೊಳ್ಳುತ್ತವೆ. ಅದರಲ್ಲಿ ಗೆರೆಗಳು ೫೨೫, ಚಿತ್ರಗಳು ಸೆಕೆಂಡಿಗೆ ಸುಮಾರು ೩೦. ನಮ್ಮ ಪಾಲ್ ಟೇಪನ್ನು ಆ ಸ್ಥಿತಿಯಲ್ಲಿ ಓಡಿಸಿದರೆ ಬಣ್ಣವು ಹೋಗಿ ಚಿತ್ರವು ಉರುಳಾಡುತ್ತದೆ.

ಇಲ್ಲಿ ನಮಗಾದ ನಷ್ಟವೊಂದನ್ನು ಮುಚ್ಚಿಡದೆ ಹೇಳಬೇಕಾಗಿದೆ. ಕಾರ್ಡು ಎಚ್ಚರಗೊಂಡ ಸಂತೋಷದಲ್ಲಿ ನಾವು ಪರೀಕ್ಷೆಗೆಂದು ಅಕ್ಕನ ಮದುವೆಯ ಕ್ಯಾಸೆಟ್ಟನ್ನೇ ಓಡಿಸಿದೆವು. ಚಿತ್ರವು ಉರುಳಾಡಿತು. ಪದ್ಧತಿಯನ್ನು ಬದಲಾಯಿಸುವುದಕ್ಕಾಗಿ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ, ಹೀಗೆ ಐದಾರು ಸಲ ಮಾಡುವಷ್ಟರಲ್ಲಿ ಬಹುಕಾಲದಿಂದ ಓಡದಿದ್ದ ವಿಸಿಆರಿನ ಉರುಳೆಯು ಟೇಪನ್ನು ಹಿಡಿದು ನುಂಗಿತು. ಹೊರಗೆ ಎಳೆದಾಗ ಒಂದು ಮೊಳದಷ್ಟು ಭಾಗವು ಮುದುಡಿಹೋಗಿತ್ತು. ಯಂತ್ರಗಳನ್ನು ಪರೀಕ್ಷಿಸುವುದಕ್ಕೆ ಹಾಳಾದರೂ ಚಿಂತೆಯಿಲ್ಲದ ಕ್ಯಾಸೆಟ್ಟನ್ನಾಗಲಿ, ಒಂದು ಕ್ಯಾಮರಾವನ್ನಾಗಲಿ ಬಳಸಬೇಕು. ಅಮೂಲ್ಯವಾದ ಟೇಪನ್ನು ಸಕಲವೂ ಸಿದ್ಧವಾದ ಮೇಲೆ ಒಂದೇ ಸಲ ಓಡಿಸಬೇಕು. ಈ ಲೇಖನದಲ್ಲಿ ಉಳಿದುದೆಲ್ಲವನ್ನೂ ಮರೆತರೂ ವಾಚಕರು ಈ ಒಂದು ಮಾತನ್ನು ಮರೆಯಬಾರದೆಂದು ನಮ್ಮ ಪ್ರಾರ್ಥನೆ.

ಇನ್ನು ಕೆಲವು ಎಚ್ಚರಿಕೆಗಳು

ಹಳೆಯ ಯಂತ್ರದ ಡಿಸ್ಕಿಗೂ ಮಿತಿಗಳಿವೆ. ಫ್ಯಾಟ್ ೩೨ ಎಂಬ ವ್ಯವಸ್ಥೆಯಲ್ಲಿ ಒಂದು ಕಡತವು ೪ ಗಿಗಾಬೈಟನ್ನು ಮೀರಲಾರದು. ಮೇಲೆ ಹೇಳಿದ ಪ್ರವಾಹದಲ್ಲಿ ಅದು ಮೂರೂವರೆ ನಿಮಿಷಕ್ಕೆ ತುಂಬಿಹೋಗುತ್ತದೆ. ಆದುದರಿಂದ ಎನ್‌ಟಿಎಫ್‌ಎಸ್ ವ್ಯವಸ್ಥೆಯನ್ನು ಅವಲಂಬಿಸಬೇಕು. ಬಹಳ ಹಳೆಯ ಬಯಾಸುಗಳು ೧೩೭ ಗಿಗಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಕಾಣಲಾರವು. ಡಿವಿ ಎಂಬ ಸಂಕೋಚದ ಕ್ರಮದಲ್ಲಿ ಇಳಿಸಿಕೊಂಡರೆ ಗಂಟೆಗೆ ಸುಮಾರು ೧೩ ಗಿಗಾಬೈಟು ಸಾಕಾಗುತ್ತದೆ. ಧ್ವನಿಗಾಗಿ ವಿಸಿಆರಿನ ಕೆಂಪು ಬಿಳಿ ತಂತಿಗಳನ್ನು ಧ್ವನಿಕಾರ್ಡಿನ ಲೈನ್-ಇನ್ ದ್ವಾರಕ್ಕೆ ಸೇರಿಸಿ, ಮುಖ್ಯ ಟೇಪನ್ನು ಓಡಿಸುವುದಕ್ಕೆ ಮೊದಲು ಸದ್ದಿನ ಮಟ್ಟವನ್ನು ಒಮ್ಮೆ ಅಳೆದುಕೊಳ್ಳಬೇಕು.

ಪಿಸಿಐ ಕಾರ್ಡಿನ ಗೊಡವೆಯೇ ಬೇಡವೆಂದು ಯುಎಸ್‌ಬಿಯ ಸಣ್ಣ ಕಡ್ಡಿಯನ್ನು ಹಳೆಯ ಯಂತ್ರಕ್ಕೆ ಚುಚ್ಚುವವರುಂಟು. ಅವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಯುಎಸ್‌ಬಿ ೧.೧ರ ವೇಗವು ಸೆಕೆಂಡಿಗೆ ೧೨ ಮೆಗಾಬಿಟ್ಟು, ಅಂದರೆ ಒಂದೂವರೆ ಮೆಗಾಬೈಟು ಮಾತ್ರ. ಇಪ್ಪತ್ತು ಮೆಗಾಬೈಟಿನ ಪ್ರವಾಹವು ಅದರಲ್ಲಿ ಹರಿಯಲಾರದು. ಈ ಕಡ್ಡಿಗಳಿಗೆ ೨೦೦೦ರಲ್ಲಿ ಪ್ರಕಟವಾದ ಯುಎಸ್‌ಬಿ ೨.೦, ಅಂದರೆ ೪೮೦ ಮೆಗಾಬಿಟ್ಟಿನ ದ್ವಾರವೇ ಬೇಕು. ಎರಡನೆಯದಾಗಿ, ಇತ್ತೀಚಿನ ಅನೇಕ ಪ್ರೋಗ್ರಾಮುಗಳು ಎಸ್‌ಎಸ್‌ಇ ೨ ಎಂಬ ಆಜ್ಞೆಗಳನ್ನು ಅಪೇಕ್ಷಿಸುತ್ತವೆ. ಅವು ಪೆಂಟಿಯಂ ೪ರಲ್ಲಿ ಬಂದವು, ಪೆಂಟಿಯಂ ೩ರಲ್ಲಿ ಇಲ್ಲ. ಅಂಥ ಯಂತ್ರದಲ್ಲಿ ಪ್ರೋಗ್ರಾಮು ಮಾತಿಲ್ಲದೆ ಮುಚ್ಚಿಕೊಂಡರೆ ಕಡ್ಡಿಯನ್ನು ದೂಷಿಸಿ ಫಲವಿಲ್ಲ.

ಎಕ್ಸ್‌ಪಿಗೆ ಅದರ ತಯಾರಕರ ರಕ್ಷಣೆಯು ೨೦೧೪ರ ಏಪ್ರಿಲ್ ೮ಕ್ಕೆ ನಿಂತಿತು. ಆದುದರಿಂದ ಅಂಥ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸದೆ, ಇಳಿಸಿದ ಕಡತಗಳನ್ನು ಬೇರೊಂದು ಡಿಸ್ಕಿನ ಮೂಲಕ ಹೊಸ ಯಂತ್ರಕ್ಕೆ ಸಾಗಿಸುವುದು ಕ್ಷೇಮಕರ. ಪ್ರತಿಯೊಂದನ್ನೂ ಎರಡು ಕಡೆಗಳಲ್ಲಿ ಇಡಬೇಕು. ಹಾಗೆಯೇ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಅದನ್ನೂ ಅದರ ಫಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು ಬಹಳ ಪ್ರಯೋಜನಕಾರಿ. ನಾವು ಕಾರ್ಡು ಯಾವ ಗೂಡಿನಲ್ಲಿತ್ತೆಂದು ಹಿಂದೆ ಬರೆದಿಟ್ಟಿದ್ದರೆ ಮೂರು ವಾರಗಳು ಉಳಿಯುತ್ತಿದ್ದವು. ಟೇಪೂ ಪ್ರಾಯಶಃ ಉಳಿಯುತ್ತಿತ್ತು. ಬಿಡಿಭಾಗಗಳು ಬೇಕಾದವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಊರಿನ ರಿಪೇರಿ ಅಂಗಡಿಗಳ ಮೂಲೆಯಲ್ಲಿಯೂ ಇಂಥ ಕಾರ್ಡುಗಳು ಧೂಳು ಹಿಡಿದು ಬಿದ್ದಿರುವುದುಂಟು.

ಮುದುಡಿದ ಟೇಪನ್ನು ಬಲ್ಲವರೊಬ್ಬರು ಕೈಯಿಂದಲೇ ಸರಿಪಡಿಸಿಕೊಟ್ಟರು. ವಿಸಿಆರಿನ ಉರುಳೆಗಳನ್ನೂ ಶುಚಿಮಾಡಿಸಿದೆವು. ಒಂದು ಭಾನುವಾರ ಮಧ್ಯಾಹ್ನ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓಡಿಸಿ ಇಳಿಸಿಕೊಂಡೆವು. ಅಜ್ಜಿಯವರ ಹಾಡಿನಲ್ಲಿ ಐದು ನುಡಿಗಳಿದ್ದವು. ಎರಡನೆಯ ನುಡಿಯ ವೇಳೆಗೆ ಪರದೆಯ ತುಂಬ ಬಿಳಿಯ ಗೆರೆಗಳೆದ್ದು ಧ್ವನಿಯು ಮುಳುಗಿಹೋಯಿತು. ಉಳಿದ ನಾಲ್ಕು ನಿರ್ಮಲವಾಗಿ ಕೇಳಿಬಂದವು. ನಮ್ಮ ತಾಯಿಯವರು ಕನ್ನಡಕವನ್ನು ಹಾಕಿಕೊಂಡು ಆ ನಾಲ್ಕನ್ನೂ ತಮ್ಮ ಹಾಡಿನ ಪುಸ್ತಕದಲ್ಲಿ ಬರೆದುಕೊಂಡರು. ಎರಡನೆಯದಕ್ಕೆಂದು ನಾಲ್ಕು ಗೆರೆಗಳಷ್ಟು ಸ್ಥಳವನ್ನು ಬಿಟ್ಟಿದ್ದಾರೆ. ಸಾಗರದ ಕಡೆ ಅವರ ವಾರಗೆಯ ಬಂಧುವೊಬ್ಬರಿದ್ದಾರೆ. ಅವರಿಗೆ ನೆನಪಿದ್ದರೂ ಇರಬಹುದೆಂಬ ಆಸೆ. ಮುಂದಿನ ತಿಂಗಳು ಪುಸ್ತಕವನ್ನು ತೆಗೆದುಕೊಂಡು ನಾವು ಅಲ್ಲಿಗೆ ಹೋಗಬೇಕೆಂದಿದ್ದೇವೆ.

ವಾಚಕರ ಮನೆಯ ಗಂಟಿನಲ್ಲಿಯೂ ಇಂಥದೊಂದು ಕಂಠವು ಮಲಗಿರಬಹುದು. ಅದನ್ನು ಎಬ್ಬಿಸುವುದಕ್ಕೆ ಮೊದಲು ಕಾರ್ಡನ್ನು ಎಬ್ಬಿಸಿರಿ. ಕಾರ್ಡನ್ನು ಎಬ್ಬಿಸುವುದಕ್ಕೆ ಮೊದಲು ಗುರುತು, ಮಣೆ, ದುಭಾಷಿ ಎಂಬ ಮೂರನ್ನೂ ಕ್ರಮವಾಗಿ ವಿಚಾರಿಸಿರಿ. ಆತುರಪಡದವರ ಕೈಗೆ ಹಳೆಯ ಯಂತ್ರಗಳು ಹೆಚ್ಚಾಗಿ ಒಲಿದು ಬರುತ್ತವೆ.